ಸತ್ತವನ ಸಹಿ

ಅಕ್ಟೋಬರ್ 3

ಮಾನ್ಯ ವಿದ್ಯಾರ್ಥಿನಿಯವರಿಗೆ,

ತೀರಿಹೋದ ನಿಮ್ಮ ಅಣ್ಣನ ನಮಸ್ಕಾರಗಳು.

ನಾನು ಸತ್ತ ಸುದ್ದಿ ನನಗೆ ಸಿಕ್ಕಿದ್ದು ಮಂಗಳವಾರ ಸಂಜೆ, ಕೆಲಸದಿಂದ ಬಂದು ಬಚ್ಚಲಲ್ಲಿ ಕೈಯ ಗ್ರೀಸು ಉಜ್ಜುತ್ತಿದ್ದಾಗ. ನಿನ್ನ ಅತ್ತಿಗೆ ಒಂದು ದಪ್ಪ ಲಕೋಟೆ ಹಿಡಿದು ಬಂದು, "ನಿಮ್ಮ ತಂಗಿ ಸಿನಿಮಾ ಸ್ಕೂಲಿಂದ ಬಂದಿದೆ. ಇನ್ನೇನಿರುತ್ತೆ, ಫೀಸೇ" ಅಂದಳು. ಒಡೆದರೆ ಬಿಳಿ ಹೂವಿನ ಚಿತ್ರದ ಒಂದು ಕಾರ್ಡು. ಪುಟ್ಟಿ ನೀನಿರುವ ದೇಶದ ಭಾಷೆಯನ್ನು ಶಾಲೆಯಲ್ಲಿ ಕಲಿಯುತ್ತಿದ್ದಾಳಲ್ಲ, ಅವಳೇ ಬೆರಳಿಟ್ಟು ಓದಿದಳು. ನಿಮ್ಮ ಮನೆಯ ಆಧಾರವಾಗಿದ್ದವರು ಅಕಾಲದಲ್ಲಿ ಅಗಲಿದ್ದಕ್ಕೆ ನಮ್ಮ ಸಂತಾಪ, ಅವರ ತಂಗಿಯನ್ನು ನಾವು ಕೈಬಿಡುವುದಿಲ್ಲ, ಇತ್ಯಾದಿ. ಕೆಳಗೆ ನಿನ್ನ ಇಡೀ ತರಗತಿಯ ಸಹಿ. ಯಾರೋ ಒಬ್ಬ ಮೂಲೆಯಲ್ಲಿ ಅಳುವ ಮುಖ ಬೇರೆ ಬರೆದಿದ್ದಾನೆ.

ಅತ್ತಿಗೆ ಮೊದಲು ಅತ್ತಳು. ಆಮೇಲೆ ನಾನು ಎದುರಿಗೇ ನಿಂತಿದ್ದೇನೆ ಅನ್ನುವುದು ನೆನಪಾಗಿ ಒದ್ದೆ ಟವೆಲ್ಲಿನಿಂದ ನನ್ನ ಬೆನ್ನಿಗೆ ಬಾರಿಸಿದಳು. ಪುಟ್ಟಿ ಕೇಳಿದ್ದು ಒಂದೇ: "ಅಪ್ಪಾ, ಹಾಗಾದ್ರೆ ನಾಳೆ ನಂಗೆ ರಜೆನಾ?"

ಕೊಲ್ಲುವುದಕ್ಕೆ ಬೇರೆ ಯಾರೂ ಸಿಗಲಿಲ್ಲವೇ ನಿನಗೆ? ಅಪ್ಪ ಅಮ್ಮ ಇಬ್ಬರೂ ನಿಜವಾಗಿಯೇ ಹೋದವರು. ಅವರಲ್ಲಿ ಒಬ್ಬರನ್ನು ಉಪಯೋಗಿಸಿಕೊಂಡಿದ್ದರೆ ಸುಳ್ಳೂ ಆಗುತ್ತಿರಲಿಲ್ಲ. ಎರಡು ವರ್ಷ ಈ ಮನೆಯನ್ನು ಬ್ಯಾಂಕಿಗೆ ಅಡವಿಟ್ಟು ನಿನ್ನ ಫೀಸು ಕಟ್ಟಿದವನನ್ನೇ ಹುಡುಕಿ ಕೊಂದಿದ್ದೀಯ. ಮೂರನೇ ವರ್ಷದ ನೋಟಿಸನ್ನು ಜೂನ್‌ನಲ್ಲಿ ವಾಪಸ್ ಕಳಿಸಿದ್ದಕ್ಕೆ ಇಷ್ಟು ಶಿಕ್ಷೆಯೇ? ಮೊದಲೆರಡು ವರ್ಷವೂ ನೀನು ಮಾಡಿದ್ದು ಅಷ್ಟೇ, ಸ್ಕೂಲಿನವರು ಕೊಟ್ಟ ನೋಟಿಸನ್ನು ಲಕೋಟೆಗೆ ತುರುಕಿ ಇತ್ತ ತಳ್ಳಿದ್ದು. ಒಂದು ಸಾಲಿಲ್ಲ, ಹೇಗಿದ್ದೀಯ ಅಂತಿಲ್ಲ, ಅಣ್ಣ ಅಂತಲೂ ಇಲ್ಲ. ಅದಕ್ಕೇ ಈ ಸಲ ಅದರ ಮೇಲೆ "ಇದು ಯಾರಿಗೆ?" ಅಂತ ಬರೆದು ಕಳಿಸಿದೆ. ಉತ್ತರ ಬಿಳಿ ಹೂವಿನ ಕಾರ್ಡಿನಲ್ಲಿ ಬಂತು.

ಫೋನು ಮಾಡಿದರೆ ಎತ್ತುತ್ತಿಲ್ಲ. ಎಲ್ಲಿ, ಹೇಗೆ ಸತ್ತೆ ಅನ್ನುವುದನ್ನಾದರೂ ಬರೆ. ಲಿಫ್ಟಿನ ಗುಂಡಿಗೆ ಬಿದ್ದೆ ಅಂತೇನಾದರೂ ಹೇಳಿದ್ದರೆ ನಿನ್ನನ್ನು ಸುಮ್ಮನೆ ಬಿಡುವುದಿಲ್ಲ. ಲಿಫ್ಟ್ ರಿಪೇರಿ ನನ್ನ ಅನ್ನ. ಅದಕ್ಕೆ ಹೆಸರು ಕೆಡಿಸಬೇಡ.

ಇಂತಿ,
ದಿವಂಗತ


ಅಕ್ಟೋಬರ್ 15

ಅಣ್ಣನವರಿಗೆ,

ಹೃದಯಾಘಾತ. ನಿಮ್ಮ ಹೃದಯದ ಬಗ್ಗೆ ಏನು ಹೇಳಿದರೂ ನಡೆಯುತ್ತದೆ, ಅದನ್ನು ಯಾರೂ ನೋಡಿಲ್ಲ.

ಫೋನು ಮಾಡಬೇಡಿ. ಸತ್ತವರ ಹೆಸರು ಮೊಬೈಲಿನಲ್ಲಿ ಹೊಳೆಯುವುದನ್ನು ಜೊತೆಯ ಹುಡುಗಿಯರು ನೋಡಿದರೆ ಕಥೆ ಮುಗಿಯಿತು. ಒಂದು ಕೋಣೆಯಲ್ಲಿ ನಾಲ್ಕು ಮಂಚ, ನನ್ನದು ಬಾಗಿಲ ಪಕ್ಕದ್ದು, ಎಲ್ಲರಿಗೂ ಎಲ್ಲರ ಫೋನೂ ಕಾಣುತ್ತದೆ. ಕಾಗದ ಬರೆಯಿರಿ. ನಮ್ಮ ಅಕ್ಷರ ಇಲ್ಲಿ ಯಾರಿಗೂ ಓದಲು ಬರುವುದಿಲ್ಲ. ಹೋದ ಸಲದ ಲಕೋಟೆಯ ಹಿಂದೆ ವಿಳಾಸದ ಜಾಗದಲ್ಲಿ "ಮೇಲಿನಿಂದ" ಅಂತ ಬರೆದಿದ್ದಿರಿ. ಹಾಸ್ಟೆಲಿನ ವಾಚ್‌ಮನ್ ಅದನ್ನು ಊರಿನ ಹೆಸರು ಅಂದುಕೊಂಡಿದ್ದಾನೆ.

ಈಗ ವಿಷಯ. ಇಲ್ಲಿ ಹೊರದೇಶದವರಿಗೆ ಫೀಸು ಇಲ್ಲಿಯವರ ಮೂರರಷ್ಟು. ನಮಗೆ ವಾರಕ್ಕೆ ಇಷ್ಟೇ ಗಂಟೆ ಕೆಲಸ ಅಂತ ಮಿತಿ ಇದೆ. ನಾನು ಒಂದು ಲಾಂಡ್ರಿಯಲ್ಲಿ ಹೋಟೆಲಿನ ಚಾದರ ಮಡಚುತ್ತೇನೆ. ಅದು ಊಟಕ್ಕೂ ಬಸ್ಸಿಗೂ ಸರಿಹೋಗುತ್ತದೆ, ಫೀಸಿನ ಬಾಲಕ್ಕೂ ಸಾಲದು. ನಿಮ್ಮ "ಇದು ಯಾರಿಗೆ?" ಬಂದ ಮೇಲೆ ನಾನು ಆಫೀಸಿಗೆ ಹೋಗಿ, ಮನೆಯಲ್ಲಿ ಜಗಳವಾಗಿದೆ, ಅಣ್ಣ ಫೀಸು ನಿಲ್ಲಿಸಿದ್ದಾರೆ, ಏನಾದರೂ ಸಹಾಯವಿದೆಯೇ ಅಂತ ವಿಚಾರಿಸಿದೆ. ವಿದ್ಯಾರ್ಥಿಗಳ ಯೋಗಕ್ಷೇಮ ನೋಡುವ ಮೇಡಂ ಬಹಳ ಮೃದುವಾಗಿ, "ಮನಸ್ತಾಪಕ್ಕೆ ನಮ್ಮಲ್ಲಿ ನಿಧಿ ಇಲ್ಲಮ್ಮ. ಫೀಸು ಕಟ್ಟುತ್ತಿದ್ದವರು ತೀರಿಹೋದರೆ ಮಾತ್ರ ಇದೆ" ಅಂದರು. ಒಂದು ವಾರ ಬಿಟ್ಟು ಮತ್ತೆ ಹೋದೆ. ಅಷ್ಟರಲ್ಲಿ ನೀವು ತೀರಿಹೋಗಿದ್ದಿರಿ.

ಅಪ್ಪ ಅಮ್ಮನ ಹೆಸರು ಫೀಸು ಕಟ್ಟುವವರ ಜಾಗದಲ್ಲಿ ಇರಲಿಲ್ಲ. ಇದ್ದಿದ್ದರೆ ಅವರನ್ನೇ ಹೇಳುತ್ತಿದ್ದೆ, ಅವರು ಇಷ್ಟು ರಂಪ ಮಾಡುತ್ತಿರಲಿಲ್ಲ.

ಡಿಸೆಂಬರ್ ಇಪ್ಪತ್ತಕ್ಕೆ ನಿಧಿಯಿಂದ ನನ್ನ ಕೊನೆಯ ವರ್ಷದ ಪೂರ್ತಿ ಫೀಸು ಕಟ್ಟುತ್ತಾರೆ. ಮರಣಪತ್ರ ತಡವಾಗುತ್ತದೆ ಅಂದೆ, ಆಮೇಲೆ ಕೊಡು ಅಂದರು. ಒಮ್ಮೆ ಕಟ್ಟಿದ ಫೀಸನ್ನು ವಾಪಸ್ ತೆಗೆಯುವಂತಿಲ್ಲ, ನಿಯಮ ಹಿಂದೆ ಮುಂದೆ ಓದಿದ್ದೇನೆ. ಆಮೇಲೆ ತಿಳಿದರೆ ಬೈಯುತ್ತಾರೆ, ದಂಡ ಹಾಕುತ್ತಾರೆ, ಅಷ್ಟೇ. ಆದರೆ ಇಪ್ಪತ್ತಕ್ಕೆ ಮುಂಚೆ ಯಾರಿಗಾದರೂ ಗೊತ್ತಾದರೆ ನಾನು ಬೀದಿಗೆ. ಬೈಗುಳಕ್ಕೆ ನನಗೆ ಮನೆಯಲ್ಲೇ ಒಳ್ಳೆಯ ಅಭ್ಯಾಸ ಆಗಿದೆ.

ಅಣ್ಣ ಅಂತ ಬರೆಯಲಿಲ್ಲ ಅನ್ನುತ್ತೀರಿ. ಒಂದು ಸಲ ಬಾಯಿ ಬಿಟ್ಟು ಕೇಳಿದ್ದೆ, ನೆನಪಿದೆಯೇ? ಮೊದಲ ವರ್ಷದ ಸಾಲಕ್ಕೆ ಸಹಿ ಹಾಕುವ ಮುಂಚೆ ನೆಂಟರನ್ನೆಲ್ಲ ಮುಂದಿನ ಕೋಣೆಯಲ್ಲಿ ಕೂರಿಸಿದಿರಿ. ನಾನು ಟೀ ತಟ್ಟೆ ಹಿಡಿದು ನಿಂತು, ನನಗೆ ಸಿನಿಮಾ ಯಾಕೆ ಕಲಿಯಬೇಕು ಅಂತ ಒಬ್ಬೊಬ್ಬರಿಗೂ ಒಪ್ಪಿಸಬೇಕಾಯಿತು. "ಸಿನಿಮಾ ಕಲಿಯೋಕೂ ಸ್ಕೂಲಾ? ಟಿಕೆಟ್ ತಗೊಂಡ್ರೆ ಸಾಕಲ್ವೇನೇ" ಅಂತ ಚಿಕ್ಕಪ್ಪ ನಕ್ಕರು. ನೀವೂ ನಕ್ಕಿರಿ. ಆಮೇಲೆ ಸಹಿ ಹಾಕಿದಿರಿ. ಅವತ್ತೇ ತೀರ್ಮಾನ ಮಾಡಿದೆ, ಇನ್ನು ಯಾರ ಮುಂದೆಯೂ ಕೈ ಚಾಚುವುದಿಲ್ಲ.

ಇಂತಿ,
ಮೂರನೇ ವರ್ಷದ ವಿದ್ಯಾರ್ಥಿನಿ


ನವೆಂಬರ್ 2

ಮಹಾ ಬುದ್ಧಿವಂತೆಗೆ,

ನೀನು ನಿಯಮ ಹಿಂದೆ ಮುಂದೆ ಓದಿದೆಯಲ್ಲ, ಪಕ್ಕಕ್ಕೆ ಓದುವುದನ್ನು ಮರೆತೆ. ನಿನ್ನ ಆ ಮೃದು ಮೇಡಂ ಸುಮ್ಮನೆ ಕೂರುವ ಹೆಂಗಸಲ್ಲ. ನಿನ್ನ ಹಳೆಯ ಕಾಗದಪತ್ರಗಳಲ್ಲಿ ನಮ್ಮ ಬ್ಯಾಂಕಿನ ಹೆಸರು ನೋಡಿ, "ನಿಮ್ಮ ಗ್ರಾಹಕರು ತೀರಿಕೊಂಡಿದ್ದಾರೆ, ದಯವಿಟ್ಟು ಸಾಲದ ವಿಷಯದಲ್ಲಿ ಆ ಮಗುವಿಗೆ ತೊಂದರೆ ಕೊಡಬೇಡಿ" ಅಂತ ಪತ್ರ ಹಾಕಿದ್ದಾರೆ. ಬ್ಯಾಂಕಿನವರು ತಕ್ಷಣ ನನ್ನ ಖಾತೆಗೆ ಬೀಗ ಜಡಿದಿದ್ದಾರೆ. ನನ್ನ ಸಂಬಳ ಬಂದು ಬೀಳುವುದೂ ಅದೇ ಖಾತೆಗೆ. ಒಳಗೆ ಬೀಳುತ್ತದೆ, ಹೊರಗೆ ಬರುವುದಿಲ್ಲ.

ಹಣ ತೆಗೆಯಲು ಹೋದರೆ ಕೌಂಟರಿನ ಹುಡುಗಿ ಪರದೆ ನೋಡಿ, "ಸಾರ್, ಈ ಖಾತೆಯವರು ತೀರ್ಕೊಂಡಿದಾರೆ" ಅಂದಳು.

"ಅದು ನಾನೇ" ಅಂದೆ.

"ಅಯ್ಯೋ ಪಾಪ" ಅಂದುಬಿಟ್ಟಳು.

ಮ್ಯಾನೇಜರ್ ಹತ್ತಿರ ಹೋದೆ. ಆ ಕಟ್ಟಡದ ಲಿಫ್ಟು ಕೂತಾಗಲೆಲ್ಲ ಎಬ್ಬಿಸುವವನು ನಾನು, ಅವರಿಗೆ ನನ್ನ ಮುಖ ಚೆನ್ನಾಗಿ ಗೊತ್ತು. "ಹೋದ ತಿಂಗಳು ನಿಮ್ಮ ಲಿಫ್ಟಿನ ಬಾಗಿಲು ಸರಿ ಮಾಡಿದ್ದು ಯಾರು ಸಾರ್, ನನ್ನ ದೆವ್ವವಾ?" ಅಂತ ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ನೀವು ಬದುಕಿರೋದು ನಂಗೆ ಕಾಣ್ತಾ ಇದೆ. ಕಂಪ್ಯೂಟರಿಗೆ ಕಾಣ್ಬೇಕಲ್ಲ" ಅಂದರು. ಆಮೇಲೆ ಒಂದು ಕಾಗದ ಕೊಟ್ಟರು. ನಾನು ಜೀವಂತವಾಗಿದ್ದೇನೆ ಎಂದು ಈ ಮೂಲಕ ತಿಳಿಸುತ್ತೇನೆ ಅಂತ ಅದರಲ್ಲಿ ಅಚ್ಚಾಗಿದೆ. ಅವರೆದುರು ಕೆಳಗೆ ಒಂದು ಸಹಿ ಹಾಕಿದರೆ ಅದೇ ಮಧ್ಯಾಹ್ನ ಖಾತೆ ಬಿಡುಗಡೆ. ಒಂದು ಪ್ರತಿ, ಸಾವಿನ ಸುದ್ದಿ ಕೊಟ್ಟ ನಿನ್ನ ಸ್ಕೂಲಿಗೆ.

ನನ್ನ ಪೆನ್ನು ಮನೆಯಲ್ಲೇ ಉಳಿದಿತ್ತು. ಇನ್ನೊಂದು ದಿನ ಬರುತ್ತೇನೆ ಅಂತ ಹೇಳಿ ಬಂದೆ.

ಆ ಕಾಗದ ಈಗ ನನ್ನ ಕೆಲಸದ ಚೀಲದಲ್ಲಿ ಸ್ಪ್ಯಾನರುಗಳ ಜೊತೆ ಇದೆ. ಯಾವಾಗ ಸಹಿ ಹಾಕಬೇಕು ಅನ್ನುವುದು ನನ್ನ ಇಷ್ಟ. ನಾಳೆ ಹಾಕಬಹುದು, ನಾಡಿದ್ದು ಹಾಕಬಹುದು. ನೀನು ಅಲ್ಲಿ ಬಾಗಿಲ ಪಕ್ಕದ ಮಂಚದ ಮೇಲೆ ಮಲಗಿ ಅದನ್ನೇ ಯೋಚಿಸು. ಬೇರೆಯವರ ತಲೆ ಮೇಲೆ ಕತ್ತಿ ತೂಗುಹಾಕುವುದು ನಿನಗೊಬ್ಬಳಿಗೇ ಬರುತ್ತದೆ ಅಂದುಕೊಳ್ಳಬೇಡ.

ಮತ್ತೆ ಇನ್ನೊಂದು. ಯಾವಾಗಿನಿಂದ ನಾನು ನಿನಗೆ "ನೀವು" ಆದೆ? ಹನ್ನೆರಡು ವರ್ಷ ದೊಡ್ಡವನಾದರೂ ಚಿಕ್ಕಂದಿನಿಂದ ಹೋಗೋ ಬಾರೋ ಅಂತಲೇ ಅಂದವಳು. ಬ್ಯಾಂಕಿನವರು ನನ್ನನ್ನು "ನೀವು" ಅನ್ನುತ್ತಾರೆ, ಅವರಿಗೆ ನನ್ನ ಹತ್ತಿರ ಸಾಲ ವಸೂಲಿ ಇದೆ.

ಇಂತಿ,
ಬೀಗ ಜಡಿಸಿಕೊಂಡ ದಿವಂಗತ


ನವೆಂಬರ್ 14

ಅಣ್ಣನವರಿಗೆ,

ಡಿಸೆಂಬರ್ ಇಪ್ಪತ್ತರ ತನಕ ಆ ಕಾಗದಕ್ಕೆ ಸಹಿ ಹಾಕಕೂಡದು. ಇಪ್ಪತ್ತೊಂದಕ್ಕೆ ಬೇಕಾದರೆ ಹತ್ತು ಸಹಿ ಹಾಕಿಕೊಳ್ಳಿ.

ನಿಮಗೆ ಇದು ಆಟ. ಇಲ್ಲಿ ಏನು ನಡೆಯುತ್ತಿದೆ ಅಂತ ಹೇಳುತ್ತೇನೆ ಕೇಳಿ. ನಮ್ಮ ಎಡಿಟಿಂಗ್ ಕೋಣೆಗಳು ನೆಲಮಾಳಿಗೆಯಲ್ಲಿ, ಕಿಟಕಿ ಇಲ್ಲ, ಕುರ್ಚಿಗಳ ಸ್ಪಂಜು ಕಿತ್ತುಹೋಗಿದೆ. ಅದರಲ್ಲಿ ಒಂದೇ ಒಂದು ಒಳ್ಳೆಯ ಯಂತ್ರವಿದೆ, ಅದಕ್ಕಾಗಿ ಎರಡು ವರ್ಷ ಕಿತ್ತಾಡಿದ್ದೇನೆ. ನೀವು ಸತ್ತ ವಾರದಿಂದ ಅದು ಕೇಳದೆಯೇ ನನಗೆ. ಹುಡುಗರು ಎದ್ದು ಕುರ್ಚಿ ಬಿಡುತ್ತಾರೆ. ಯಾವತ್ತೂ ಮುಖ ಕೊಟ್ಟು ಮಾತಾಡದ ಮೇಷ್ಟ್ರು ನನ್ನ ಕೊನೆಯ ವರ್ಷದ ಸಿನಿಮಾದ ಮೊದಲಲ್ಲಿ "ಅಣ್ಣನ ನೆನಪಿಗೆ" ಅಂತ ಹಾಕು ಅಂದಿದ್ದಾರೆ. ನಾನು ಬೇಡ ಅಂದೆ. ಪಾಪ, ದುಃಖ ತಡೆಯುವುದಿಲ್ಲ ಇವಳಿಗೆ ಅಂದುಕೊಂಡರು. ನೀವು ಬದುಕಿದ್ದಾಗ ನನಗೆ ಮಾಡದೇ ಇದ್ದದ್ದನ್ನೆಲ್ಲ ಸತ್ತು ಮಾಡಿಕೊಡುತ್ತಿದ್ದೀರಿ.

ಈ ಸಿನಿಮಾ ಮುಗಿಸದಿದ್ದರೆ ನನ್ನ ಎರಡು ವರ್ಷವೂ ನೀರುಪಾಲು. ಅರ್ಧ ಓದಿದವರಿಗೆ ಇವರು ಕೊಡುವುದು ಒಂದು ಚೀಟಿ, ಅದನ್ನು ತೋರಿಸಿದರೆ ಯಾವ ಸೆಟ್ಟಿನಲ್ಲೂ ಟೀ ತರುವ ಕೆಲಸವೂ ಸಿಗುವುದಿಲ್ಲ. ಇದು ಗೊತ್ತಿದ್ದೂ ಕಾಗದವನ್ನು ಚೀಲದಲ್ಲಿಟ್ಟುಕೊಂಡು ಕುಣಿಸುತ್ತಿದ್ದೀರಿ. ಇವತ್ತು ಬ್ಯಾಂಕಿನ ಪತ್ರ ಬಂತಾ, ಇವತ್ತು ಬಂತಾ ಅಂತ ನಾನು ಪ್ರತಿದಿನ ಆ ಮೇಡಂ ಕೋಣೆಯ ಮುಂದೆ ಹಾದುಹೋಗಬೇಕು. ಅವರು ನನ್ನನ್ನು ನೋಡಿ ಮುಗುಳ್ನಕ್ಕರೆ ಚಪ್ಪಲಿ ಸರಿಮಾಡುವ ನೆಪದಲ್ಲಿ ಬಗ್ಗಿಬಿಡುತ್ತೇನೆ.

ನಿಮ್ಮನ್ನು "ನೀವು" ಅಂದದ್ದಕ್ಕೆ ಕಾರಣ ಕೇಳಿದ್ದೀರಿ. ಹೋಗೋ ಬಾರೋ ಅನ್ನುವುದು ಅಣ್ಣನಿಗೆ. ನನ್ನ ಫೀಸಿನ ಕಾಗದಗಳಲ್ಲಿ ನಿಮ್ಮ ಹೆಸರಿನ ಮುಂದೆ "ಫೀಸು ಕಟ್ಟುವವರು" ಅಂತಿದೆ.

ಇಂತಿ,
ವಿದ್ಯಾರ್ಥಿನಿ


ನವೆಂಬರ್ 22

ನಾದಿನಿಗೆ ಅತ್ತಿಗೆ ಬರೆಯುವುದು.

ನಿಮ್ಮಿಬ್ಬರ ಮಧ್ಯೆ ನಾನು ಬಾಯಿ ಹಾಕಬಾರದು ಅಂತಿದ್ದೆ. ಈಗ ಹಾಕುತ್ತೇನೆ. ಈ ಮನೆಗೆ ಸಂಬಳ ಬಂದು ಎರಡು ತಿಂಗಳಾಗುತ್ತಾ ಬಂತು. ದಿನಸಿ ಅಂಗಡಿಯವನು ಮೊದಲು ನಗುತ್ತಾ ಕೊಟ್ಟ, ಈಗ ನನ್ನನ್ನು ಕಂಡರೆ ಬೇರೆ ಗಿರಾಕಿಯ ಜೊತೆ ಮಾತು ಬೆಳೆಸುತ್ತಾನೆ. ಪುಟ್ಟಿಗೆ ಶೂ ಬಿಗಿಯಾಗಿದೆ, ಹಿಮ್ಮಡಿ ತುಳಿದು ಚಪ್ಪಲಿಯ ಹಾಗೆ ಹಾಕಿಕೊಂಡು ಹೋಗುತ್ತಾಳೆ.

ನಿನ್ನ ಅಣ್ಣನ ಹಟ ನಿನಗೆ ಗೊತ್ತಲ್ಲ. ಒಂದು ಸಹಿ, ಅಷ್ಟೇ. ಹಾಕಿ ಬನ್ನಿ ಅಂದರೆ ಒಂದು ದಿನ ಪೆನ್ನಿಲ್ಲ, ಒಂದು ದಿನ ಕನ್ನಡಕ ಇಲ್ಲ, ಒಂದು ದಿನ ಬ್ಯಾಂಕಿನಲ್ಲಿ ಜನ ಜಾಸ್ತಿ. "ಬದುಕಿದೀನಿ ಅಂತ ನಾನ್ಯಾಕೆ ಇವರಿಗೆ ಬರೆದುಕೊಡ್ಬೇಕು? ನಂಗೆ ಮಾನ ಇಲ್ವಾ?" ಅಂತ ಕೂಗಾಡುತ್ತಾರೆ. ಹೊತ್ತಲ್ಲದ ಹೊತ್ತಿನಲ್ಲಿ ಕೆಟ್ಟು ನಿಂತ ಲಿಫ್ಟುಗಳಿಗೆಲ್ಲ ಇವರೇ ಓಡುತ್ತಿದ್ದಾರೆ, ಅದಕ್ಕೆ ಮಾತ್ರ ಕಂಪನಿಯವರು ಕೈಗೆ ಕಾಸು ಕೊಡುತ್ತಾರಂತೆ. ನಿನ್ನ ಸುಳ್ಳು, ಇವರ ಹಟ, ಎರಡೂ ಬಂದು ಬಿದ್ದಿರುವುದು ನನ್ನ ಒಲೆಯ ಮೇಲೆ.

ನಿನ್ನ ಮೇಲೆ ನನಗೆ ಹೊಟ್ಟೆ ಉರಿಯುತ್ತಿದೆ. ಮುಚ್ಚಿಟ್ಟುಕೊಂಡು ಆರೋಗ್ಯ ಹೇಗಿದೆ ಅಂತ ಕೇಳಲು ನನ್ನಿಂದ ಆಗದು.

ಅತ್ತಿಗೆ


ನವೆಂಬರ್ 28

ಆಜ್ಞೆ ಹೊರಡಿಸುವವರಿಗೆ,

ಸಹಿ ಹಾಕಕೂಡದು ಅಂತೆ. ಅಪ್ಪಣೆ! ಈ ಮನೆಯಲ್ಲಿ ಕೂಡದು ಅಂತ ನನಗೆ ಹೇಳಿದವರು ಅಪ್ಪ ಒಬ್ಬರೇ, ಅವರೂ ಸ್ವಲ್ಪ ಕೆಮ್ಮಿ ಆಮೇಲೆ ಹೇಳುತ್ತಿದ್ದರು.

ಸೋಮವಾರ ಬ್ಯಾಂಕಿನ ಲಿಫ್ಟು ಎರಡು ಮಹಡಿಗಳ ಮಧ್ಯೆ ನಿಂತಿತು. ಒಳಗೆ ಸಾಕ್ಷಾತ್ ಮ್ಯಾನೇಜರ್. ಗಾರ್ಡು ನನಗೆ ಫೋನು ಮಾಡಿ, "ಬೇಗ ಬನ್ನಿ, ಸಾಹೇಬ್ರು ಒಳಗೆ ಬೆವರ್ತಾ ಇದಾರೆ" ಅಂದ. "ನಿಮ್ಮ ಕಂಪ್ಯೂಟರ್ ಪ್ರಕಾರ ನಾನು ಸತ್ತಿದೀನಪ್ಪ, ಸತ್ತವ್ರು ಬರೋದು ಸ್ವಲ್ಪ ತಡ ಆಗುತ್ತೆ" ಅಂದೆ. ಹಾಗಂದರೂ ಓಡಿ ಹೋದೆ ಬಿಡು, ಒಳಗಿರುವವರಿಗೆ ಒಂದು ನಿಮಿಷವೂ ಉದ್ದ. ಮೇಲಿನ ಮೋಟಾರ್ ಕೋಣೆಗೆ ಹೋಗಿ ಕೈಯಿಂದ ಚಕ್ರ ತಿರುಗಿಸಿ ಲಿಫ್ಟನ್ನು ಮಹಡಿಯ ಮಟ್ಟಕ್ಕೆ ತಂದು ಬಾಗಿಲು ತೆಗೆದೆ. ಮ್ಯಾನೇಜರ್ ಟೈ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ನೆಲದ ಮೇಲೆ ಕೂತಿದ್ದರು.

ಹೊರಗೆ ಬಂದವರೇ ನನ್ನ ಎರಡೂ ಕೈ ಹಿಡಿದು, "ಇವತ್ತೇ ನಿಮ್ಮ ಖಾತೆ ಬಿಡಿಸಿಕೊಡ್ತೀನಿ. ಎಲ್ಲಿ ಆ ಕಾಗದ? ಇಲ್ಲೇ ಸಹಿ ಹಾಕಿ, ನಾನೇ ಸ್ಟಾಂಪ್ ಹೊಡೀತೀನಿ" ಅಂದರು. ಕೌಂಟರಿನ ಹುಡುಗಿ ಪೆನ್ನು ಹಿಡಿದು ನಿಂತಳು. ಗಾರ್ಡು ಬಗ್ಗಿ ಬೆನ್ನು ಕೊಟ್ಟ, ಅದರ ಮೇಲೆ ಇಟ್ಟು ಬರೆಯಿರಿ ಅಂತ.

ನನ್ನ ಕೈಯೆಲ್ಲ ಗ್ರೀಸು. ಕಾಗದ ಕೊಳೆಯಾಗುತ್ತದೆ, ಇನ್ನೊಂದು ದಿನ ನೋಡೋಣ ಅಂದೆ. ಮೂವರೂ ನನ್ನನ್ನು ಹುಚ್ಚನನ್ನು ನೋಡುವ ಹಾಗೆ ನೋಡಿದರು. ನಿನ್ನ ದೆಸೆಯಿಂದ ಆ ಬಿರುದೂ ಬಂತು.

ಇದನ್ನು ಓದಿ ಹಿಗ್ಗಬೇಡ. ಕಾಗದ ಇನ್ನೂ ಚೀಲದಲ್ಲೇ ಇದೆ. ನಿನ್ನ ಇಪ್ಪತ್ತನೇ ತಾರೀಖು ನಿನ್ನ ಹತ್ತಿರವೇ ಇರಲಿ, ನನಗೆ ತಾರೀಖು ಕೊಡಲು ನೀನು ಯಾರು? ನಾನು ಸಹಿ ಹಾಕುವ ದಿನ ನನಗೆ ಗೊತ್ತು.

ಇಂತಿ,
ದಿವಂಗತ, ಮೋಟಾರ್ ಕೋಣೆ


ಡಿಸೆಂಬರ್ 16

ಅಣ್ಣನವರಿಗೆ,

ಆ ಕಾಗದಕ್ಕೆ ಈಗಲೇ ಸಹಿ ಹಾಕಿ ಬಿಸಾಕಿ. ನನ್ನನ್ನು ಹೆದರಿಸಲು ಇನ್ನು ಅದಕ್ಕೆ ಕಿಲುಬುಕಾಸಿನ ಬೆಲೆ ಇಲ್ಲ. ಇವತ್ತು ಬೆಳಿಗ್ಗೆ ಮೇಡಂ ಕೋಣೆಗೆ ಹೋಗಿ, ನಮ್ಮಣ್ಣ ಬದುಕಿದ್ದಾರೆ ಅಂತ ನಾನೇ ಹೇಳಿದೆ.

ಎರಡು ತಿಂಗಳು ನಿಮ್ಮ ಬಾಯಿಗೂ ಆ ಚೀಲಕ್ಕೂ ಹೆದರಿ ಸಾಕಾಯಿತು. ಅತ್ತಿಗೆ ಕಾಗದ ಬಂತು. ಪುಟ್ಟಿ ಶೂ ತುಳಿದುಕೊಂಡು ಹೋಗುತ್ತಿದ್ದಾಳೆ, ನೀವು ಒಂದು ಸಹಿಯನ್ನು ನನ್ನ ಮೂಗಿನ ಮುಂದೆ ಆಡಿಸುವುದಕ್ಕೋಸ್ಕರ ಮನೆಯವರನ್ನೆಲ್ಲ ಸಾಲಗಾರರನ್ನಾಗಿ ಮಾಡಿದ್ದೀರಿ. ಅದರ ಹಿಂದೆಯೇ ನಿಮ್ಮ ಲಿಫ್ಟಿನ ಪ್ರತಾಪದ ಕಾಗದ. "ನಾನು ಸಹಿ ಹಾಕುವ ದಿನ ನನಗೆ ಗೊತ್ತು." ಅದನ್ನು ಓದಿದಾಗ ನನಗೆ ಖಚಿತವಾಯಿತು, ಹತ್ತೊಂಬತ್ತಕ್ಕೆ ಹಾಕುತ್ತೀರಿ. ನೀವು ಅಂಥವರೇ. ಚಿಕ್ಕಂದಿನಲ್ಲೂ ನನ್ನ ಗಾಳಿಪಟವನ್ನು ಮೇಲೆ ಹೋಗುವ ತನಕ ಬಿಟ್ಟು ಆಮೇಲೆ ಕತ್ತರಿಸುತ್ತಿದ್ದಿರಿ. ಈ ಸಲ ದಾರ ನಾನೇ ಕತ್ತರಿಸಿದೆ.

ಮೇಡಂ ಕೂಗಲಿಲ್ಲ. ಮೇಜಿನ ಮೇಲೆ ಅಳುವವರಿಗೆ ಅಂತ ಒಂದು ಕಾಗದದ ಕರವಸ್ತ್ರದ ಡಬ್ಬಿ ಇಟ್ಟಿರುತ್ತಾರೆ. ಮೊದಲ ಸಲ ನಾನು ಹೋದಾಗ ಅದನ್ನು ನನ್ನ ಕಡೆ ತಳ್ಳಿದ್ದರು. ಇವತ್ತು ತಮ್ಮ ಕಡೆ ಎಳೆದುಕೊಂಡರು. "ನಿನ್ನ ಸಮಾಧಾನಕ್ಕೆ ಅಂತ ನನ್ನ ತಮ್ಮನ ಸಾವಿನ ವಿಷಯ ನಿನ್ನ ಹತ್ತಿರ ಹೇಳಿಕೊಂಡಿದ್ದೆ" ಅಂದರು, ಅಷ್ಟೇ. ಅಣ್ಣ, ನಿಮ್ಮ ಬೈಗುಳವನ್ನೆಲ್ಲ ಒಟ್ಟು ಸೇರಿಸಿದರೂ ಅಷ್ಟು ಉರಿಯಲಿಲ್ಲ.

ನಿಧಿ ಹೋಯಿತು. ನಾನಾಗಿ ಹೇಳಿದ್ದರಿಂದ ಸೀಟು ಕಿತ್ತುಕೊಂಡಿಲ್ಲ, ಎಚ್ಚರಿಕೆ ಪತ್ರ ಕೊಟ್ಟಿದ್ದಾರೆ. ಜನವರಿ ಕೊನೆಯೊಳಗೆ ಯಾರಾದರೂ ಹೊಣೆ ಹೊತ್ತು ಫೀಸು ಕಟ್ಟಿದರೆ ಉಳಿಯಬಹುದು, ಇಲ್ಲದಿದ್ದರೆ ಹೊರಗೆ. ನಿಮಗೂ ಒಂದು ಪತ್ರ ಹಾಕುತ್ತಾರಂತೆ, ನಿಜವಾಗಿ ಇದ್ದೀರಾ ಅಂತ ಕೇಳಿ. ಒಳ್ಳೆಯ ಯಂತ್ರ ಬೇರೆಯವರಿಗೆ ಹೋಗಿದೆ. ಊಟದ ಹಾಲಿನಲ್ಲಿ ನನ್ನ ಮೇಜಿಗೆ ಯಾರೂ ಬರುವುದಿಲ್ಲ. ಕಾರ್ಡಿನಲ್ಲಿ ಅಳುವ ಮುಖ ಬರೆದಿದ್ದನಲ್ಲ, ಅವನು ನನ್ನನ್ನು ಕಂಡರೆ ದಾರಿ ಬದಲಿಸುತ್ತಾನೆ.

ಫೀಸಿನ ವಿಷಯ ಹೇಳಿದ್ದು ತಿಳಿದಿರಲಿ ಅಂತ. ನಿಮ್ಮ ಹತ್ತಿರ ನಾನು ಏನೂ ಕೇಳುತ್ತಿಲ್ಲ.

ವಿದ್ಯಾರ್ಥಿನಿ, ಸದ್ಯಕ್ಕೆ


ಡಿಸೆಂಬರ್ 30

ಮೊಂಡಿ,

ನಾಲ್ಕು ದಿನ. ಇನ್ನು ನಾಲ್ಕೇ ದಿನ ಬಾಯಿ ಮುಚ್ಚಿಕೊಂಡು ಇದ್ದಿದ್ದರೆ ಆಗುತ್ತಿತ್ತು. ನಿನ್ನ ತಲೆಯಲ್ಲಿ ಮಿದುಳಿನ ಜಾಗದಲ್ಲಿ ಏನಿದೆ ಅಂತ ಆ ಸ್ಕೂಲಿನವರು ಬಗೆದು ನೋಡಿದರೆ ಒಂದು ಸಿನಿಮಾ ಆದೀತು.

ಹತ್ತೊಂಬತ್ತಕ್ಕೆ ಸಹಿ ಹಾಕುತ್ತೇನೆ ಅಂದುಕೊಂಡೆಯಾ? ಸಹಿ ಹಾಕುವವನಾಗಿದ್ದರೆ ಮೊದಲ ದಿನವೇ ಹಾಕುತ್ತಿರಲಿಲ್ಲವೇನೇ, ಕತ್ತೆ? ಪೆನ್ನಿಲ್ಲ ಅಂತ ಬಂದೆನಂತೆ, ಅದನ್ನು ನಂಬಿದಳಂತೆ. ಬ್ಯಾಂಕಿನಲ್ಲಿ ಕೌಂಟರಿಗೊಂದು ದಾರ ಕಟ್ಟಿದ ಪೆನ್ನು ನೇತಾಡುತ್ತಿರುತ್ತದೆ! ಪುಟ್ಟಿಗಾದರೂ ಹೊಳೆಯುತ್ತಿತ್ತು. ನಿನ್ನ ಅತ್ತಿಗೆಗೆ ಹೇಳಿದ್ದರೆ ಅವಳು ನನ್ನ ಕೈ ಹಿಡಿದು ಹಾಕಿಸುತ್ತಿದ್ದಳು, ಅದಕ್ಕೇ ಅವಳ ಮುಂದೆ ಮಾನ ಮರ್ಯಾದೆ ಅಂತ ಕೂಗಾಡಿದ್ದು. ನಿನ್ನೆ ಹೇಳಿದೆ. ಈಗ ಅವಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ, ನಿನಗಂತೂ ಹೆಸರಿಟ್ಟು ಬೈಯುತ್ತಿದ್ದಾಳೆ.

ನಿನ್ನೆಯೇ ಬ್ಯಾಂಕಿಗೆ ಹೋಗಿ ಸಹಿ ಹಾಕಿ ಬಂದೆ. ಮ್ಯಾನೇಜರ್ ಕೈಕುಲುಕಿ ಅಭಿನಂದನೆ ಹೇಳಿದರು. ಕೌಂಟರಿನ ಹುಡುಗಿ, "ಸಾರ್, ಕಂಪ್ಯೂಟರಲ್ಲಿ ಕೆಂಪು ಹೋಯ್ತು, ಹಸಿರು ಬಂತು" ಅಂತ ಪರದೆ ತಿರುಗಿಸಿ ತೋರಿಸಿದಳು. ದಿನಸಿ ಅಂಗಡಿಯವನು ಮತ್ತೆ ನಗುತ್ತಿದ್ದಾನೆ. ಪುಟ್ಟಿಗೆ ಶೂ ಬಂತು, ಈ ಸಲ ಒಂದು ಅಳತೆ ದೊಡ್ಡದೇ ಕೊಡಿಸಿದ್ದೇನೆ.

ನಿನ್ನ ಸ್ಕೂಲಿನ ಪತ್ರವೂ ಬಂದಿದೆ. ನೀವು ಇದ್ದೀರಾ ಅಂತ ಒಂದು ಪ್ರಶ್ನೆ. ಇದ್ದರೆ, ಈಕೆಯ ಕೊನೆಯ ವರ್ಷದ ಫೀಸಿನ ಹೊಣೆ ಹೊರುತ್ತೀರಾ ಅಂತ ಇನ್ನೊಂದು. ಕೆಳಗೆ ಮತ್ತೆ ಸಹಿಯ ಜಾಗ. ಮೊದಲನೆಯದಕ್ಕೆ ಹೌದು ಅಂತ ಬರೆದಿದ್ದೇನೆ. ಎರಡನೆಯದನ್ನು ಖಾಲಿ ಬಿಟ್ಟಿದ್ದೇನೆ. ಈ ಕಾಗದವೂ ಈಗ ಅದೇ ಚೀಲದಲ್ಲಿ ಕೂತಿದೆ.

ಹಣ ಇಲ್ಲ ಅಂತ ನಾನು ಯಾವತ್ತಾದರೂ ಹೇಳಿದ್ದೇನಾ? ಹುಡುಕಿ ನೋಡು, ಯಾವ ಕಾಗದದಲ್ಲೂ ಇಲ್ಲ. ಕಂಪನಿಯಲ್ಲಿ ಮುಂಗಡ ಸಿಗುತ್ತದಾ ಅಂತ ಜೂನ್‌ನಲ್ಲೇ ಕೇಳಿ ಇಟ್ಟುಕೊಂಡಿದ್ದೆ, ನಿನ್ನ ನೋಟಿಸು ಬರುವುದಕ್ಕೆ ಮುಂಚೆಯೇ. "ಇದು ಯಾರಿಗೆ?" ಅಂತ ಕೇಳಿದ್ದು ಉತ್ತರ ಬೇಕು ಅಂತಲೇ. ಅಣ್ಣನಿಗೆ ಅಂತ ಒಂದು ಮಾತು ಬರೆದಿದ್ದರೆ ಮುಗಿಯುತ್ತಿತ್ತು. ನೀನು ತಳ್ಳಿದೆ, ಆಜ್ಞೆ ಮಾಡಿದೆ, ಕೊಂದೆ, ಮತ್ತೆ ಬದುಕಿಸಿದೆ. ಕೇಳುವುದೊಂದನ್ನು ಮಾತ್ರ ಮಾಡಲಿಲ್ಲ.

ಈಗ ಕೇಳು. ಮುಂದಿನ ಕೋಣೆಯಲ್ಲಿ ಯಾರೂ ಕೂತಿಲ್ಲ. ಚಿಕ್ಕಪ್ಪ ಇಲ್ಲ, ಟೀ ತಟ್ಟೆ ಇಲ್ಲ. ಕಾಗದದಲ್ಲಿ ಕೇಳು, ನಾನೊಬ್ಬನೇ ಓದುತ್ತೇನೆ. ಕೇಳದಿದ್ದರೆ ಆ ಜಾಗ ಖಾಲಿಯಾಗಿಯೇ ಇರುತ್ತದೆ. ನನಗೂ ನಿನ್ನಷ್ಟೇ ಹಟವಿದೆ, ಒಂದೇ ಅಂಗಡಿಯ ಮಾಲು ನಾವು.

ಇಂತಿ,
ಇನ್ನೂ ಬದುಕಿರುವ,
ನಿನ್ನ ಅಣ್ಣ


ಜನವರಿ 11

ಅಣ್ಣಾ,

ಈ ಕಾಗದವನ್ನು ಮೂರು ಸಲ ಬರೆದು ಹರಿದೆ. ಅವುಗಳಲ್ಲಿ ಇದ್ದದ್ದೆಲ್ಲ ಬೈಗುಳ. ಅವು ಸುಳ್ಳಲ್ಲ, ಮನೆಗೆ ಬಂದಾಗ ಎದುರಿಗೇ ಬೈಯುತ್ತೇನೆ, ಗಾಳಿಪಟದಿಂದ ಶುರುಮಾಡಿ.

ನನ್ನ ಕೊನೆಯ ವರ್ಷದ ಫೀಸು ಕಟ್ಟುತ್ತೀಯಾ?

ಮೊಂಡಿ